ವರಪರೀಕ್ಷೆಗೆ ಹೋದ ಸೋದರಮಾವನ ಲಿವರು

ಮನುಷ್ಯನ ಅಂತರಂಗವನ್ನು ಅರಿಯಲು ಮಹಾತ್ಮರಿಗೂ ಒಂದು ಜನ್ಮ ಸಾಲದು. ಗದಗಿನ ಸ್ಕ್ಯಾನಿಂಗ್ ಡಾಕ್ಟರಿಗೆ ಮೂರು ನಿಮಿಷ ಸಾಕು.

ಎರಡು ಸಾವಿರದ ಆರರ ಸುಮಾರಿನ ಮಾತು. ರೋಣದಲ್ಲಿರುವ ನನ್ನ ತಂಗಿಯ ಮಗಳು ಶೋಭಾಳಿಗೆ ಗಜೇಂದ್ರಗಡದ ಶಂಕರನೆಂಬ ವರ ಬಂದಿದ್ದ. ಸೀರೆ ನೇಯುವ ಮನೆತನ. ಶೋಭಾ ಮನಸಾರೆ ಒಪ್ಪಿದ್ದಳು. ಒಪ್ಪದವನು ಸೋದರಮಾವನಾದ ನಾನೊಬ್ಬನೇ. ಹುಡುಗ ದಪ್ಪ! ದಪ್ಪಗಿದ್ದವರ ಲಿವರಿಗೆ ಕೊಬ್ಬು ಹತ್ತುತ್ತದೆ, ಅದರ ಬೆನ್ನಿಗೇ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಪೇಪರಿನಲ್ಲಿ ಓದಿದ್ದೆ. ನನ್ನ ಕೈಕಾಲು ಕಡ್ಡಿಯಂತಿವೆ. ಹೊಟ್ಟೆ ಮಾತ್ರ ತುಸು ಮುಂದಿದೆ. ಅದನ್ನು ಅನುಭವ ಎಂದು ತಿಳಿದಿದ್ದೆ.

ಹಿರಿಯರ ನಡುವೆ ಘೋಷಿಸಿದೆ: "ಲಿವರಿಗಿ ಕೊಬ್ಬು ಹತ್ತಿದಾಂವಗ ನಮ್ಮನಿ ಹೆಣ್ಣು ಕೊಡಂಗಿಲ್ಲ. ಮೊದಲ ಸ್ಕ್ಯಾನಿಂಗ್ ಆಗ್ಲಿ!"

ಶೋಭಾ ನನ್ನನ್ನು ದುರುಗುಟ್ಟಿ ನೋಡಿದಳು. ಶಂಕರ ನಕ್ಕು, "ಆತ್ರಿ ಮಾಮಾರ, ಹೋಗೂಣ" ಎಂದ.

ಮರುದಿನ ಬೆಳಿಗ್ಗೆ ಗದಗಿನ ಬಸ್ಸು ಹತ್ತಿದೆವು. ಪರೀಕ್ಷೆಗೆಂದು ಅವನು ಉಪವಾಸ. ನ್ಯಾಯಾಧೀಶನ ಗಾಂಭೀರ್ಯಕ್ಕೆಂದು ನಾನೂ ಉಪವಾಸ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಶಂಕರ ಪಕ್ಕಕ್ಕೆ ಸರಿದ. "ನೀವು ಹಿರೇರು. ಮೊದಲ ನೀವ ಮಾಡಿಸ್ಕೊಳ್ರಿ."

ಹಿರಿತನವನ್ನು ಒಲ್ಲೆ ಎಂದು ನನಗೆ ಅಭ್ಯಾಸವಿಲ್ಲ. ಮಲಗಿದೆ.

ಡಾಕ್ಟರು ಹೊಟ್ಟೆಗೆ ತಣ್ಣನೆಯ ಅಂಟು ಬಳಿದು, ಯಂತ್ರ ಆಡಿಸಿ, "ಕುಡೀತೀರೇನ್ರಿ?" ಎಂದರು.

"ಛೇ ಛೇ! ಚಹಾ ಅಷ್ಟ."

"ದಿನಕ್ಕ?"

"ಎಂಟೋ ಹತ್ತೋ. ಸಕ್ಕರಿ ಮಾತ್ರ ತುಸು ಮುಂದ ಇರಬೇಕ್ರಿ."

"ಲಿವರ್ ತುಂಬ ಕೊಬ್ಬೈತಿ. ಎರಡನೇ ಗ್ರೇಡ್. ಲಗೂನ ರಕ್ತದಾಗಿನ ಸಕ್ಕರಿ ನೋಡಿಸ್ರಿ."

ಶಂಕರನ ಲಿವರು ನಿರ್ಮಲ! ಅವನ ಉದ್ಯೋಗ ಕೇಳಿ ಡಾಕ್ಟರು ನನ್ನತ್ತ ತಿರುಗಿದರು. "ಹೊರಗಿನ ಮೈ ನೋಡಿ ಒಳಗಿಂದು ಹೇಳಾಕ ಬರಂಗಿಲ್ರಿ. ಇವ ದಿನಾ ಮಗ್ಗ ತುಳೀತಾನ. ನೀವು?"

ನಾನು ಕಟ್ಟೆಯ ಮೇಲೆ ಕೂತು ಪೇಪರು ಓದುತ್ತೇನೆ.

ಬಸ್ಸಿನಲ್ಲಿ ಶಂಕರ ಮೆಲ್ಲಗೆ, "ನಿಮ್ದು ನಾ ಯಾರಿಗೂ ಹೇಳಂಗಿಲ್ರಿ ಮಾಮಾರ" ಎಂದ. ನಾನೂ ಅಲ್ಲಿಗೆ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು.

ತಂಗಿಯ ಮನೆಯಲ್ಲಿ ಎಲ್ಲರೂ ಕಾದು ಕೂತಿದ್ದರು. ನನ್ನ ಹೆಂಡತಿ ಗಂಗವ್ವ ಚೀಲಕ್ಕೆ ಕೈ ಹಾಕಿ ಮೊದಲು ಎಳೆದದ್ದು ನನ್ನ ರಿಪೋರ್ಟನ್ನೇ. "ಎರಡನೇ ಗ್ರೇಡ್ ಕೊಬ್ಬು ಅಂತೈತಿ! ಯಾರದಿದು?"

"ಹುಡುಗಂದು" ಎಂದುಬಿಟ್ಟೆ.

ಶಂಕರ ತಲೆ ತಗ್ಗಿಸಿದ. ಕೊಟ್ಟ ಮಾತಿಗೆ ಕಟ್ಟುಬಿದ್ದು ತುಟಿ ಬಿಚ್ಚಲಿಲ್ಲ. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶೋಭಾ ಕಾಗದ ಇಸಕೊಂಡು, ಹೆಸರಿದ್ದ ಕಡೆಯ ಮಡಿಕೆ ಬಿಚ್ಚಿ ಓದಿದಳು.

"ಮಾಮಾ, ಇದರಾಗ ವಯಸ್ಸು ಅರವತ್ತೊಂದು ಅಂತೈತಲ್ಲ. ನನಗ ಅಷ್ಟು ದೊಡ್ಡ ವರಾನ ನೋಡೀರೇನು?"

ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಬೇಕಾದಾಗ ಬಿರಿಯುವುದಿಲ್ಲ.

"ಕೊಬ್ಬು ಹತ್ತಿದಾಂವಗ ಹೆಣ್ಣು ಕೊಡಂಗಿಲ್ಲ ಅಂದಿದ್ರಿ. ಹಂಗಾರ ನಾ ಸವಡಿ ಊರಿನ ತವರಮನಿಗೆ ಹೊಂಡ್ಲೇನು?" ಎಂದಳು ಗಂಗವ್ವ.

ನಾನು ಶಂಕರನ ಕೈ ಹಿಡಿದು, "ತಪ್ಪಾತಪಾ" ಎಂದೆ.

"ಇರ್ಲಿ ಬಿಡ್ರಿ ಮಾಮಾರ, ಚಹಾ ಕುಡೀರಿ" ಎಂದವನೇ ನಾಲಿಗೆ ಕಚ್ಚಿಕೊಂಡ.

ಮದುವೆ ಗಜೇಂದ್ರಗಡದಲ್ಲಿ ಆಯಿತು. ನನ್ನ ಎಲೆಗೆ ಮಾತ್ರ ಸಿಹಿ ಮಾದಲಿ ಹಾಕಲಿಲ್ಲ.