ಗುಡುಗಮ್ಮನ ಮೌನವ್ರತ

"ನಮ್ಮ ಎರಡನೇ ಆಲ್ಬಮ್ ಕೇಳಿದವರು ಕಿವಿ ಮುಚ್ಕೊಂಡು ಓಡದಿದ್ರೆ ಗಿಟಾರು ಮುಟ್ಟೋದೇ ಇಲ್ಲ!" ಎಂದು ಲೈಬ್ರರಿಯನ್ ಮಹಾಶಯ ಹಲ್ಲುಜ್ಜುತ್ತಲೇ ಶಪಥ ಮಾಡಿದ. ಹಗಲೆಲ್ಲ ಓದುಗರಿಗೆ "ಶ್!" ಎನ್ನುವುದೇ ಅವನ ಉದ್ಯೋಗ. ಅಲ್ಲಿ ನುಂಗಿಕೊಂಡ ಸದ್ದನ್ನೆಲ್ಲ ಸಂಜೆ ಮನೆಯಲ್ಲಿ ಕಕ್ಕುತ್ತಿದ್ದ. ಅವನ ನಾಯ್ಸ್ ರಾಕ್ ತಂಡದ ಹೆಸರೇ 'ಗಡಚಿಕ್ಕು'. ಗದ್ದಲವೇ ಅವರ ಸಂಗೀತ.

ತಾಯಿ ಗಾಬರಿಯಿಂದ ಹೊರಬಂದರು. "ಎರಡನೇ ಆಲ್ಬಮ್ಮಾ? ಒಂದು ಮದ್ವೆ ಸಾಲ್ದೇನೋ ನಿಂಗೆ?"

"ಅದಲ್ಲಮ್ಮಾ, ಹಾಡಿನ ಆಲ್ಬಮ್!"

"ಅದ್ರಲ್ಲಿ ಹಾಡೂ ಇರುತ್ತೇನೋ?"

ತಂಡದ ಜೀವಾಳ ಗಿಟಾರಲ್ಲ, ಮನೆಯ ಹಳೆಯ ವಾಷಿಂಗ್ ಮಷೀನು. ಅದಕ್ಕವನು ಇಟ್ಟ ಹೆಸರು ಗುಡುಗಮ್ಮ. ಬಟ್ಟೆ ಹಿಂಡುವಾಗ ಆಕೆ ನರಳಿ, ಗುಡುಗಿ, ಬಚ್ಚಲ ಬಾಗಿಲವರೆಗೂ ನಡೆದು ಬರುತ್ತಿದ್ದಳು. ಮೊದಲ ಆಲ್ಬಮ್ಮಿನಲ್ಲಿ ಕೇಳುಗರು ಮೆಚ್ಚಿದ್ದು ಅವಳೊಬ್ಬಳನ್ನೇ. ಅವಳನ್ನು ಸ್ಟುಡಿಯೋಗೆ ಹೊರುವವರಾರು? ಸ್ಟುಡಿಯೋವೇ ಬಚ್ಚಲಿಗೆ ಬಂತು! ರೆಕಾರ್ಡಿಂಗಿನವನು ಮೈಕು ನೇತುಹಾಕಿ, "ಇವತ್ತು ಬಿಟ್ರೆ ನಾನು ಕೈಗೆ ಸಿಗಲ್ಲ ಸಾರ್" ಎಂದ.

ಲೈಬ್ರರಿಯನ್ ಮಷೀನಿನ ಗುಂಡಿ ಒತ್ತಿದ. ಗುಡುಗಮ್ಮ ಹಾಲು ಕುಡಿದ ಬೆಕ್ಕಿನಂತೆ 'ಗುರ್' ಎಂದಳು. ಅಷ್ಟೇ! ಈ ದನಿಗೆ ಕೇಳುಗರು ಓಡುವುದಿರಲಿ, ಅಲ್ಲೇ ನಿದ್ದೆ ಹೋಗುತ್ತಾರೆ!

"ಹೇಗಿದೆ ರೀ?" ಹೆಂಡತಿ ಮುಖ ಅರಳಿಸಿಕೊಂಡು ಬಂದಳು. "ನಿಮ್ಮ ರೆಕಾರ್ಡಿಂಗಿಗೆ ಸದ್ದು ಅಡ್ಡಿಯಾಗ್ಬಾರ್ದು ಅಂತ ನಿನ್ನೆ ರಿಪೇರಿ ಮಾಡಿಸ್ದೆ!"

ಅವನಿಗೆ ಸಿಡಿಲು ಬಡಿಯಿತು, ಅದೂ ಸದ್ದಿಲ್ಲದೆ! ಓಡಿಹೋಗಿ ರಿಪೇರಿಯವನಿಗೆ ಫೋನು ಮಾಡಿದ. "ಸ್ವಾಮೀ, ಮೊದಲಿನ ಥರಾನೇ ಕೆಡಿಸಿಕೊಡಿ!"

"ಕೆಡಿಸೋದು ಗ್ಯಾರಂಟಿಯಲ್ಲಿ ಬರಲ್ಲ ಸಾರ್. ತಾನಾಗೇ ಕೆಡೋವರೆಗೂ ಕಾಯ್ಬೇಕು."

ಕಾಯುವ ವ್ಯವಧಾನ ಯಾರಿಗಿದೆ? ಮಷೀನಿನೊಳಗೆ ಚಮಚ ಹಾಕಿದ, ಬೂಟು ಹಾಕಿದ. ಗುಡುಗಮ್ಮ ಎಲ್ಲವನ್ನೂ ಅರಗಿಸಿಕೊಂಡಳು. ಕೊನೆಗೆ ಬಾಗಿಲಿಗೆ ಒತ್ತುಕೊಡುವ ಇಟ್ಟಿಗೆಯನ್ನೇ ಹಾಕಿದ. ಆಕೆ ಒಮ್ಮೆ ಬಿಕ್ಕಿದಳು, ಆಮೇಲೆ ಎಗರಿದಳು! ಪೈಪು ಕಿತ್ತು ನೊರೆನೀರು ಚಿಮ್ಮಿತು. ಅವನ ಕಾಲು ಜಾರಿತು. ಆಸರೆಗೆಂದು ಹಿಡಿದ ಹಲಗೆ ಬಕೆಟ್ಟು, ಚೊಂಬು, ತಗಡಿನ ಡಬ್ಬಗಳ ಸಮೇತ ಅವನ ಮೇಲೇ ಬಂತು. "ಅಯ್ಯಯ್ಯೋ ಅಮ್ಮಾ!" ಎಂದು ಅವನು ಅರಚಿದ, ತಾಯಿ ಚೀರಿದರು, ಬೀದಿನಾಯಿ ಊಳಿಟ್ಟಿತು, ಪಕ್ಕದ ಮನೆಯವರು ಗೋಡೆ ಗುದ್ದಿದರು. ತಾಳವೂ ಸೇರಿದಂತಾಯಿತು!

ಹೆಂಡತಿ ಸ್ವಿಚ್ಚು ಆರಿಸಿದಳು. ನೊರೆಯಿಂದ ತಲೆಯೆತ್ತಿ ಅವನು ಆಸೆಯಿಂದ ಕೇಳಿದ: "ರೆಕಾರ್ಡ್ ಆಯ್ತಾ?"

ರೆಕಾರ್ಡಿಂಗಿನವನ ಕಣ್ಣಲ್ಲಿ ಆನಂದಬಾಷ್ಪ. "ಜನ್ಮದಲ್ಲೇ ಇಂಥ ಸದ್ದು ಕೇಳಿರ್ಲಿಲ್ಲ ಸಾರ್! ಮೈಮರೆತು ರೆಕಾರ್ಡ್ ಗುಂಡಿ ಒತ್ತೋದೇ ಮರ್ತೋಯ್ತು. ಇನ್ನೊಂದ್ಸಲ ಬೀಳ್ತೀರಾ?"

ಅವನು ಸೊಂಟ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ಅವಳು ಬೈಯಲಿಲ್ಲ. ನೆಲ ಒರೆಸುವ ಕೋಲು ಹಿಡಿದು, ತಾಳ್ಮೆಯಿಂದ ಹೇಳಿದಳು:

"ಬೀಳೋದಾದ್ರೆ ಈಗ್ಲೇ ಬಿದ್ದುಬಿಡಿ ರೀ. ಒರೆಸಿದ್ಮೇಲೆ ಬಿದ್ರೆ ಮಾತ್ರ ನಾನು ಸುಮ್ನಿರಲ್ಲ!"