ಮುಖ ಕಾಣುವ ಪೆಟ್ಟಿಗೆ

ಮನೆಯ ಹೊರಗೆ ನಾನು ಮಾತಾಡುವುದು ಕಡಿಮೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟದ್ದಕ್ಕೆ ಅರ್ಧ ಕಾರಣವೂ ಅದೇ. ಹಾಜರಿ ಕೂಗಿದಾಗ ನಾನು ಧೈರ್ಯ ಕೂಡಿಸಿ ‘ಎಸ್ ಸರ್’ ಅನ್ನುವಷ್ಟರಲ್ಲಿ ಮಾಸ್ತರರು ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತಿದ್ದರು. ಅಂಥ ನಾನು ಈ ಬೇಸಿಗೆಯಲ್ಲಿ, ವಾಡಿಯ ಗುರುಲಿಂಗಯ್ಯನವರ ಎದುರು ನಿಂತು ಒಂದು ಇಡೀ ವಾಕ್ಯ ಹೇಳಿಬಿಟ್ಟೆ!

“ಸ್ವಾಮೇರ, ನಾ ಮಾಡೋ ಪೆಟ್ಟಿಗ್ಯಾಗ ನೀವು ಮುಖ ನೋಡ್ಕೊಂಡು ಮೀಸಿ ತೀಡ್ಕೋಬಹುದು.”

ಗುರುಲಿಂಗಯ್ಯನವರು ರೈಲ್ವೆಯಿಂದ ನಿವೃತ್ತರಾದವರು. ಜೀವಮಾನವಿಡೀ ಎಂಜಿನ್ನಿನ ಸದ್ದು ತಿಂದ ಕಿವಿಗೆ ಇನ್ನಾದರೂ ಹಾಡು ಬೀಳಲಿ ಎಂದು ಎರಡು ಸ್ಪೀಕರ್ ಪೆಟ್ಟಿಗೆ ಮಾಡಿಕೊಡಲು ಹೇಳಿದ್ದರು. ಮನೆಯವರಲ್ಲದವರು ನನಗೆ ಕೊಟ್ಟ ಮೊದಲ ಬಡಗಿ ಕೆಲಸ ಅದು. ನಮ್ಮಪ್ಪ ಭೀಮಶ್ಯಾ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿಗೆ ಪಾಲಿಶ್ ಹೊಡೆಯುವ ಮಷೀನಿನ ಮೇಲೆ ಇರುತ್ತಾನೆ. ಅವನದೂ ಒಂದೇ ವಾಕ್ಯ: “ಇದು ಕೂಡಲಿಲ್ಲಂದ್ರ ಸುಮ್ಮನ ನನ್ನ ಜೋಡಿ ಮಷೀನಿಗಿ ಬಾ.”

ಪೆಟ್ಟಿಗೆ ಮಾಡುವುದು ದೊಡ್ಡ ಮಾತಲ್ಲ. ಹಲಗೆ ಕೊಯ್ದೆ, ಅಂಟು ಹಚ್ಚಿ ಬಿಗಿದೆ, ಮೂಲೆಗಳನ್ನು ಕೂದಲೂ ತೂರದಂತೆ ಕೂಡಿಸಿದೆ. ಉಳಿದದ್ದು ಹೊಳಪು. ಅದು ಕನ್ನಡಿಯಂತಿರಬೇಕು, ಬೆವರಿಗೂ ಬಿಸಿ ಚಹಾಕ್ಕೂ ಬಗ್ಗಬಾರದು. ಪರೀಕ್ಷೆ ಮಾಡದೆ ನಾನು ಏನನ್ನೂ ಹಚ್ಚುವವನಲ್ಲ. ಹೀಗಾಗಿ ಮನೆಯ ಕಟ್ಟಿಗೆ ಸಾಮಾನುಗಳೆಲ್ಲ ಒಂದೊಂದಾಗಿ ಪರೀಕ್ಷೆಗೆ ಕುಳಿತವು. ಅವ್ವನ ಮಣೆಗೆ ಫ್ರೆಂಚ್ ಪಾಲಿಶ್ ಹಚ್ಚಿದೆ. ಅಪ್ಪ ಅದರ ಮೇಲೆ ಚಹಾ ಇಟ್ಟ. ಗ್ಲಾಸು ಎತ್ತಿದರೆ ಕೆಳಗೆ ಬಿಳಿ ಬಳೆ! ಮಣೆ ಫೇಲು. ಸ್ಟೂಲಿಗೆ ವಾರ್ನಿಶ್ ಹಚ್ಚಿದೆ. ಒಣಗಿದೆ, ಕೂರಬಹುದು ಎಂದು ಅಪ್ಪನಿಗೆ ಹೇಳಿದವನೂ ನಾನೇ. ಅಪ್ಪ ಎದ್ದಾಗ ಸ್ಟೂಲೂ ಎದ್ದಿತು.

“ಹಿಡಿತ ಛಲೋ ಅದ ದೇವ್ಯಾ,” ಎಂದ ಅಪ್ಪ, ಬೆನ್ನ ಹಿಂದೆ ಸ್ಟೂಲು ಹಿಡಿದುಕೊಂಡು. “ಈಗ ಬಿಡಸು.”

ಕೊನೆಗೆ ಕಲಬುರಗಿಯಿಂದ ಪಿಯು ತಂದೆ. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚಿದರೆ ಗಾಜಿನಂತೆ ಗಟ್ಟಿಯಾಗುವ ಲೇಪ. ತುಂಡು ಹಲಗೆಗೆ ಹಚ್ಚಿ ಒಣಗಿಸಿ, ಮೇಲೆ ಚಹಾ ಸುರಿದೆ, ಉಗುರಿನಿಂದ ಕೆರೆದೆ, ಬಿಸಿಲಿಗಿಟ್ಟೆ. ಹಲಗೆ ನನ್ನ ಮುಖವನ್ನೇ ನನಗೆ ತೋರಿಸಿ ಸುಮ್ಮನಿತ್ತು. ಫಸ್ಟ್ ಕ್ಲಾಸ್ ಪಾಸು! ಆದರೆ ಈ ಮಹಾಶೂರನಿಗೂ ಒಬ್ಬ ವೈರಿ ಇದ್ದ. ಒಣಗುವ ತನಕ ಧೂಳು ಕೂರಬಾರದು. ಶಹಾಬಾದದಲ್ಲಿ! ನಮ್ಮೂರಲ್ಲಿ ಧೂಳು ರೇಷನ್ ಕಾರ್ಡು ಇರುವ ಕಾಯಂ ನಿವಾಸಿ.

ನಾನು ಮನೆಯಲ್ಲಿ ಕಾನೂನು ತಂದೆ. ಕಿಟಕಿಗಳಿಗೆ ಗೋಣಿಚೀಲ ತುರುಕಿದೆ. ಫ್ಯಾನು ಬಂದ್. ಬಾಗಿಲಿಗೆ ಅವ್ವನ ಹಸಿರು ಸೀರೆಯನ್ನು ನೀರಲ್ಲಿ ಅದ್ದಿ ಹಗ್ಗದ ಮೇಲೆ ಇಳಿಬಿಟ್ಟೆ. ಎಣ್ಣೆಯ ಹೊಗೆ ಹೊಳಪಿಗೆ ಆಗಿಬರುವುದಿಲ್ಲವೆಂದು ವಗ್ಗರಣೆ ನಿಷೇಧಿಸಿದೆ. ಅಪ್ಪ ಸಂಜೆ ಕಲ್ಲಿನ ಪುಡಿಯಲ್ಲಿ ಬೆಳ್ಳಗಾಗಿ ಬಂದರೆ ಅಂಗಳದಲ್ಲೇ ತಲೆಯ ಮೇಲೆ ಕೊಡ ಸುರಿದು, ಒದ್ದೆ ಬಟ್ಟೆ ಬದಲಿಸಿಯೇ ಒಳಗೆ ಬಿಡುತ್ತಿದ್ದೆ. ಊಟ, ನಿದ್ದೆ ಎಲ್ಲ ಬೇವಿನ ಗಿಡದ ಕೆಳಗೆ. ಅಕ್ಕ ರಾಧಿಕಾ, ಸೆಕೆಗಿಂತ ನನ್ನ ಉಪದೇಶವೇ ಹೆಚ್ಚಾಯಿತೆಂದು ಚಿತ್ತಾಪುರದ ಸೋದರತ್ತೆಯ ಮನೆಗೆ ಹೋದಳು. ಅವ್ವ ಅನಸುಬಾಯಿ ಮಾತ್ರ ಸಪ್ಪೆ ಬೇಳೆ ಉಣ್ಣುತ್ತ ನನ್ನ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು. ನಾನು ಧೂಳಿನ ಮೇಲೆ ಕೊಟ್ಟ ಭಾಷಣಗಳನ್ನೆಲ್ಲ ಮನಸ್ಸಿಟ್ಟು ಕೇಳಿದವಳು ಅವಳೊಬ್ಬಳೇ. ಅದರ ಫಲ ಆಮೇಲೆ ತಿಳಿಯಿತು.

ಕೊನೆಯ ಕೋಟು ಹಚ್ಚಿ ಹೊರಗೆ ಬಂದು ಉಸಿರು ಬಿಡುತ್ತಿದ್ದೆ. ಪಕ್ಕದ ಮನೆಯ ಮರೆಮ್ಮ ಒಂದು ಕೈಯಲ್ಲಿ ಬೇವಿನ ತೊಪ್ಪಲು, ಇನ್ನೊಂದು ಕೈಯಲ್ಲಿ ಮೊಸರನ್ನ ಹಿಡಿದು, ಚಪ್ಪಲಿ ದೂರ ಬಿಟ್ಟು ಬಂದಳು. ಅವಳ ತಪ್ಪೇನೂ ಇಲ್ಲ. ಬಾಗಿಲಿಗೆ ಹಸಿ ಬಟ್ಟೆ, ಒಳಗೆ ಕತ್ತಲೆ, ಮನೆಯಲ್ಲಿ ವಗ್ಗರಣೆ ಇಲ್ಲ, ಹೊರಗಿನಿಂದ ಬಂದವರು ನೀರು ಹಾಕಿಕೊಳ್ಳದೆ ಒಳಗೆ ಹೋಗುವಂತಿಲ್ಲ, ವಯಸ್ಸಿಗೆ ಬಂದ ಮಗಳು ಕಾಣುತ್ತಿಲ್ಲ. ನಮ್ಮ ಓಣಿಯಲ್ಲಿ ಇದಕ್ಕೆ ಒಂದೇ ಅರ್ಥ: ಆ ಮನೆಗೆ ಅಮ್ಮ ಬಂದಿದ್ದಾಳೆ, ಹುಡುಗಿಯ ಮೈತುಂಬ ಗುಳ್ಳೆ ಎದ್ದಿವೆ.

“ರಾಧಿಗಿ ಅಮ್ಮ ಬಂದಾಳ, ನಮಗ ಒಂದು ಮಾತು ಹೇಳಬಾರ್ದೇನು ತಮ್ಮಾ? ನಾವೇನು ಹೊರಗಿನೋರಾ?”

ನಾನು ಗಂಟಲು ಸರಿಮಾಡಿಕೊಂಡೆ. ಪಿಯು ಎಂದರೇನು, ಅದು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸಿದೆ. ಅಷ್ಟರಲ್ಲಿ ಹಾಜರಿಯಂತೆಯೇ ಮರೆಮ್ಮನೂ ನನ್ನನ್ನು ದಾಟಿ ಮುಂದೆ ಹೋಗಿದ್ದಳು. ಬೇವಿನ ತೊಪ್ಪಲನ್ನು ಹಗ್ಗಕ್ಕೆ ಸಿಕ್ಕಿಸಲು ಜಗ್ಗಿದಳು. ಹಗ್ಗ ಕಿತ್ತುಬಂತು. ಹಸಿ ಸೀರೆ ಹಾರಿ ಎರಡೂ ಪೆಟ್ಟಿಗೆಗಳ ಮೇಲೆ ಮಲಗಿತು. ಅದರ ಹಿಂದೆ ಬೇವಿನ ಎಲೆ, ಅದರ ಹಿಂದೆ ನಮ್ಮೂರ ಕಾಯಂ ನಿವಾಸಿ ಗಾಳಿಯ ಕೂಡ ಒಳಗೆ ನುಗ್ಗಿದ. ಕತ್ತಲಲ್ಲಿ ಸೀರೆ ಹೊದ್ದು ಅಕ್ಕಪಕ್ಕ ಕುಳಿತ ಎರಡು ಆಕಾರಗಳನ್ನು ಕಂಡು ಮರೆಮ್ಮ ಹಣೆ ಹಣೆ ಬಡಿದುಕೊಂಡಳು.

“ಯವ್ವಾ ಅನಸಕ್ಕ, ಇಬ್ರಿಗಿ ಆಗ್ಯದಲ್ಲೇ!”

ಸೀರೆಯನ್ನು ಸುಲಿಯುವುದರಲ್ಲಿ ಸಾಕಾಯಿತು. ಕನ್ನಡಿಯ ಜಾಗದಲ್ಲಿ ನೇಯ್ಗೆಯ ಎಳೆ ಎಳೆ ಅಚ್ಚು, ನಡುನಡುವೆ ಬೇವಿನ ಎಲೆ. ಸೀರೆಯ ಅರ್ಧಭಾಗವಂತೂ ಒಣಗಿದ ಮೇಲೆ ಯಾರೂ ಹಿಡಿಯದೆ ತಾನೇ ಎದ್ದು ನಿಂತಿತು. ಪಿಯು ಎಷ್ಟು ಗಟ್ಟಿ ಎಂಬುದಕ್ಕೆ ಇನ್ನು ಬೇರೆ ಪರೀಕ್ಷೆ ಬೇಕಾಗಲಿಲ್ಲ. ಅಪ್ಪ ತನ್ನ ಮಷೀನಿನ ಕೆಲಸದ ಹಳೆಯ ಗಮ್ ಬೂಟು ತೊಳೆದು ನನ್ನ ಕಾಲಿಗೆ ಆಗುತ್ತದೆಯೇ ಎಂದು ನೋಡಿದ.

ಆ ಬೂಟು ನೋಡಿದ್ದೇ ನನಗೆ ಎಲ್ಲಿಲ್ಲದ ಹುರುಪು ಬಂತು. ನೀರು ಹಾಕಿ ತಿಕ್ಕುವ ಉಪ್ಪುಕಾಗದದಿಂದ ಅಚ್ಚೆಲ್ಲ ಹೋಗುವ ತನಕ ಉಜ್ಜಿ ಮತ್ತೆ ಕೋಟು ಹಚ್ಚಿದೆ. ಈ ಸಲ ವಿಷಯ ತಿಳಿದ ಮರೆಮ್ಮ ತಾನೇ ಬಾಗಿಲಲ್ಲಿ ಕೋಲು ಹಿಡಿದು ಕುಳಿತಳು. ಕೋಳಿ, ಕೂಸು, ಗಾಳಿ ಯಾವುದನ್ನೂ ಬಿಡಲಿಲ್ಲ. ಅವ್ವ ಸೀರೆಯಲ್ಲಿ ಉಳಿದ ಒಳ್ಳೆಯ ಭಾಗ ಕತ್ತರಿಸಿಕೊಂಡು ಬೇವಿನ ಕೆಳಗೆ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಏನು ಹೊಲಿಯುತ್ತಿದ್ದಾಳೆಂದು ನಾನು ಕೇಳಲಿಲ್ಲ. ನನ್ನ ಕಣ್ಣೆಲ್ಲ ಪೆಟ್ಟಿಗೆಯ ಮೇಲೆ.

ಟಂಟಂ ಆಟೋದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅಪ್ಪ, ಅವ್ವ, ನಾನು ಮೂವರೂ ವಾಡಿಗೆ ಹೋದೆವು. ಗುರುಲಿಂಗಯ್ಯನವರು ಬಗ್ಗಿ ನೋಡಿದರು. ಪೆಟ್ಟಿಗೆಯೊಳಗಿನ ಗುರುಲಿಂಗಯ್ಯನವರೂ ಬಗ್ಗಿ ನೋಡಿದರು. ಇಬ್ಬರೂ ಮೀಸೆ ತೀಡಿಕೊಂಡರು! ಹಿಂದೆ ನಿಂತಿದ್ದ ಅಪ್ಪ ತನ್ನ ಮುಖ ಕಾಣುವಂತೆ ಮೆಲ್ಲಗೆ ಪಕ್ಕಕ್ಕೆ ಸರಿದು, ಕೂದಲು ಸರಿಮಾಡಿಕೊಂಡ. ನನ್ನ ಎದೆ ಹಲಗೆಗಿಂತ ಅಗಲವಾಯಿತು.

“ಇದು ಹಿಂಗೇ ಉಳೀಬೇಕಂದ್ರ ಏನ್ ಮಾಡಬೇಕು ತಮ್ಮಾ?”

ಹೊರಗಿನವರೆದುರು ನನ್ನ ಜೀವನದ ಎರಡನೆಯ ಪೂರ್ತಿ ವಾಕ್ಯ ಹೇಳಿದೆ. “ಧೂಳು ಮಾತ್ರ ಬೀಳಬಾರ್ದು ನೋಡ್ರಿ.”

ಅವ್ವ ಇದಕ್ಕಾಗಿಯೇ ಕಾದಿದ್ದವಳಂತೆ ಚೀಲ ತೆರೆದಳು. ಹಸಿರು ಸೀರೆಯ ಎರಡು ಗಲೀಫ, ಅಂಚು ಮುಂದೆ ಬರುವಂತೆ, ಕೆಳಗೆ ಲಾಡಿ ಹಾಕಿ ಹೊಲಿದದ್ದು. ಕೂಸಿಗೆ ಅಂಗಿ ತೊಡಿಸಿದ ಹಾಗೆ ಪೆಟ್ಟಿಗೆಗಳಿಗೆ ತೊಡಿಸಿ ಗಂಟು ಬಿಗಿದಳು. ಮೀಸೆ ಹೋಯಿತು, ಮುಖ ಹೋಯಿತು, ನನ್ನ ಬೇಸಿಗೆಯೂ ಹೋಯಿತು. ಸುತ್ತ ನೋಡಿದೆ. ವಾಡಿ ಸಿಮೆಂಟ್ ಕಾರ್ಖಾನೆಯ ಊರು, ಧೂಳಿಗೆ ಇಲ್ಲೂ ಬರವಿಲ್ಲ. ಆ ಮನೆಯಲ್ಲಿ ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲವೂ ಅಂಗಿ ತೊಟ್ಟೇ ನಿಂತಿದ್ದವು.

“ವಾಹ್, ಈಗ ಚಂದ ಕಂಡವು,” ಎಂದರು ಗುರುಲಿಂಗಯ್ಯನವರು.

ತಂತಿ ಜೋಡಿಸಿ ಹಾಡು ಹಚ್ಚಿದರು. ಆ ಸದ್ದಿಗೆ ಪಕ್ಕದ ಕ್ವಾರ್ಟರ್ಸಿನ ಲಕ್ಷ್ಮಿಕಾಂತ ಬಂದರು. ಗಲೀಫದ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, ತಮಗೂ ಇಂಥವೇ ಎರಡು ಬೇಕೆಂದರು. ಅವ್ವ ಅವರ ಪೆಟ್ಟಿಗೆಯ ಅಳತೆ ಕೇಳಿದಳು.

“ಪೆಟ್ಟಿಗಿ ಎಲ್ಲಿವು ಬಾಯಿ? ನೀವು ಗಲೀಫ ಹೊಲೀರಿ, ಅದರ ಅಳತಿಗಿ ನಿಮ್ಮ ಹುಡುಗ ಮಾಡಿಕೊಡ್ಲಿ. ಒಳಗಿಂದು ಹ್ಯಾಂಗಿದ್ರೂ ನಡೀತದ.”

ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟ. “ಮಷೀನಿಗಿ ಬರೋದು ಬ್ಯಾಡ ದೇವ್ಯಾ. ನಾಳಿಂದ ನಿಮ್ಮವ್ವನ ಕೈ ಕೆಳಗ ಕೆಲಸಕ್ಕ ಹತ್ತು.”