ತಗಡಿನ ವೇಷದೊಳಗಿನ ಮಾತು

ಆಕಾಶನೌಕೆಯ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದವಳು ಬೆಳಿಗ್ಗೆ ತಾಯಿಗೆ, "ಇವತ್ತಿನ ಕಂತು ತಪ್ಪಿಸ್ಬೇಡಮ್ಮ" ಎಂದು ಹೇಳಿಬಂದದ್ದೇ ಎಡವಟ್ಟಾಯಿತು. ಮನೆಯವರಿಗೂ ಸ್ಟುಡಿಯೋದವರಿಗೂ ಅವಳು ಗಂಡಸು. ಅಲ್ಲವೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ. ನಾವಾದರೂ ಅವಳ ಮಾತು ನಂಬೋಣ. ಮೂವತ್ತು ವರ್ಷ ನಾಲಗೆಯ ತುದಿಗೆ ಬಂದು ಹಿಂದಿರುಗಿದ್ದನ್ನು ಅವಳು ನೌಕೆಯ ಚಾಲಕನ ಬಾಯಲ್ಲಿ ಇಟ್ಟಿದ್ದಳು. ಚಾಲಕ ತಾನು ಹೆಣ್ಣೆಂದು ಹೇಳಿಕೊಂಡು, ಕಪ್ತಾನನಿಗೆ ತನ್ನ ಪ್ರೀತಿ ತಿಳಿಸಬೇಕು. ಅದನ್ನು ನೋಡಿ ತಾಯಿಯ ಮನಸ್ಸು ಕರಗಬೇಕು. ಆಮೇಲೆ ತಾನು ಬಾಯಿಬಿಡಬೇಕು.

ಹಗಲು ಚಿತ್ರೀಕರಿಸಿದ್ದು ಸಂಜೆಗೇ ಪ್ರಸಾರವಾಗುವ ಧಾರಾವಾಹಿ ಅದು. ಹಾಳೆ ಕೈಗೆ ಬಂದದ್ದೇ ತಡ, ನಿರ್ಮಾಪಕರು ಹೌಹಾರಿದರು. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದರು. ನಿರ್ದೇಶಕರು, ಯಾವುದೋ ಗ್ರಹದಿಂದ ಅಂಟಿದ ಜ್ವರವೆಂದು ತೋರಿಸಿ ನಾಳೆ ವಾಸಿ ಮಾಡೋಣ ಎಂದು ಉಪಾಯ ಕೊಟ್ಟರು. ಮೇಕಪ್ಪಿನವನಿಗೆ ಜ್ವರಕ್ಕೆ ಹಸಿರು ಹಚ್ಚಬೇಕೋ ನೀಲಿಯೋ ಎಂಬ ಚಿಂತೆ. ಎಂಟು ಕಣ್ಣಿನ ಜೀವಿಗಳು ವಾರಕ್ಕೊಮ್ಮೆ ಬಂದು ಮದುವೆಯಾಗಿ ಹೋಗುವ ನೌಕೆಯಲ್ಲಿ ಇದೊಂದೇ ಯಾರಿಗೂ ನಂಬಲಾಗದ ಸಂಗತಿಯಾಗಿತ್ತು! ಚಾಲಕನ ಪಾತ್ರದವನಂತೂ ಅಭಿಮಾನಿಗಳ ಮುಂದೆ ತಲೆಯೆತ್ತುವುದು ಹೇಗೆ ಎನ್ನುತ್ತ ಮನೆಗೆ ಹೊರಟೇಬಿಟ್ಟ.

ಪ್ರಸಾರಕ್ಕೆ ಮೂರು ಗಂಟೆ ಉಳಿದಿತ್ತು. ಆ ಮಾತುಗಳನ್ನು ನೌಕೆಯ ಯಂತ್ರಮಾನವನಿಗೆ ಕೊಟ್ಟುಬಿಡಿ ಎಂದರು ನಿರ್ಮಾಪಕರು. ಯಂತ್ರ ಯಾರನ್ನು ಪ್ರೀತಿಸಿದರೂ ತಕರಾರು ಮಾಡುವವರಿಲ್ಲ. ಆದರೆ ತಗಡಿನ ವೇಷ ಹಾಕಲು ಆಳಿಲ್ಲ. ಮಾತು ಬಾಯಿಪಾಠವಿದ್ದದ್ದು ಬರೆದವಳಿಗೆ ಮಾತ್ರ. "ನೀನೇ ಒಳಗೆ ಹೋಗಪ್ಪ" ಎಂದು ಅವಳನ್ನೇ ತುರುಕಿದರು.

ಒಳಗೆ ಉಸಿರುಗಟ್ಟುವ ಸೆಕೆ. ಆದರೂ ಮಾತು ಒಂದೂ ತಡವರಿಸಲಿಲ್ಲ.

"ನನ್ನನ್ನ ಗಂಡು ಅಂತ ಕರೆದದ್ದು ನೀವು. ನಾನು ಹೆಣ್ಣು. ಹೆಣ್ಣಾಗಿಯೇ ನಿಮ್ಮನ್ನ ಪ್ರೀತಿಸಿದೆ."

ದೀಪ ಹಿಡಿದವರೂ ಮೂಗು ಒರೆಸಿಕೊಂಡರು. ನಿರ್ಮಾಪಕರು, ಯಂತ್ರಕ್ಕೆ ಎಂಥ ಹೃದಯ ಎಂದು ಬೆನ್ನು ತಟ್ಟಿದರು. ತಗಡು ಢಣಢಣ ಎಂದಿತು.

ಸಂಜೆ ಮನೆ ಸೇರಿದಾಗ ತಾಯಿ ಟಿ.ವಿ. ಮುಂದೆ ಬಿಕ್ಕುತ್ತಿದ್ದಳು. ಪಾಪ, ಎಷ್ಟು ವರ್ಷದಿಂದ ಒಳಗೇ ಇಟ್ಟುಕೊಂಡಿತ್ತೋ ಎಂದು ಮರುಗಿದಳು. ಮಗಳಿಗೆ ಧೈರ್ಯ ಬಂತು. ಪಕ್ಕದಲ್ಲಿ ಕೂತು ತಾಯಿಯ ಕೈ ಹಿಡಿದಳು.

"ಅಮ್ಮ, ಆ ತಗಡಿನೊಳಗೆ ಇದ್ದದ್ದು ನಾನು. ಅದು ನಾಟಕದ ಮಾತಲ್ಲ. ನನ್ನದೇ."

ತಾಯಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಅದು ಯಂತ್ರ. ಹೆತ್ತವರಿಲ್ಲ, ಏನು ಬೇಕಾದ್ರೂ ಹೇಳ್ಕೋಬಹುದು. ನಿನಗೆ ನಾನಿದ್ದೀನಿ. ಇನ್ನೊಂದು ಸಲ ಈ ಮಾತು ಈ ಮನೇಲಿ ಬೇಡ."

ಅಡುಗೆಮನೆಗೆ ಹೊರಟ ತಾಯಿ ಬಾಗಿಲಲ್ಲಿ ನಿಂತು, ಮತ್ತೆ ಕಣ್ಣೊರೆಸಿಕೊಂಡಳು.

"ನಾಳೆ ಕಪ್ತಾನ ಒಪ್ಕೊಳ್ಳೋ ಹಾಗೆ ಬರಿ ಮಗನೇ. ಪಾಪ, ಅದರ ಸಂಕಟ ನೋಡೋಕಾಗಲ್ಲ."